ಊರೊಳಗೆ ಫೈಬರ್ ಜಾಲ: ಜೆನೆಟಿಕ್ ಅಲ್ಗಾರಿದಮ್‌ನಿಂದ ನಿಜಕ್ಕೂ ಅಗೆಯಬಹುದಾದ ನಕ್ಷೆ ಪಡೆಯೋದು ಹೇಗೆ?

ಜೆನೆಟಿಕ್ ಅಲ್ಗಾರಿದಮ್ ಅಂದರೆ ಹಲವು ಉತ್ತರಗಳಲ್ಲಿ ಒಳ್ಳೆಯವನ್ನು ಆರಿಸಿ, ಬೆರೆಸಿ, ಅಲ್ಲಲ್ಲಿ ಬದಲಿಸಿ, ಪೀಳಿಗೆಯಿಂದ ಪೀಳಿಗೆಗೆ ಸುಧಾರಿಸುತ್ತಾ ಹೋಗುವ ಹುಡುಕಾಟ. ಅದನ್ನು ಬರೆಯೋದು ದೊಡ್ಡ ಕೆಲಸವೇನಲ್ಲ. ಪೈಥಾನ್ ಗೊತ್ತಿದ್ದವರು ಒಂದು ಮಧ್ಯಾಹ್ನದಲ್ಲಿ ಬರೆದು ಮುಗಿಸುತ್ತಾರೆ. ಗ್ರಾಫ್ ಚೆನ್ನಾಗಿ ಇಳಿಯುತ್ತದೆ, ವೆಚ್ಚ ಕಡಿಮೆಯಾಗುತ್ತಾ ಹೋಗುತ್ತದೆ, ಕೊನೆಗೊಂದು ನಕ್ಷೆಯೂ ಬರುತ್ತದೆ. ಆ ನಕ್ಷೆ ಹಿಡಿದು ರಸ್ತೆಗಿಳಿದರೆ ಕೇಬಲ್ ಯಾರದೋ ಕಾಂಪೌಂಡಿನೊಳಗೆ ಹೋಗಿರುತ್ತದೆ, ಇಲ್ಲವೇ ರೈಲು ಹಳಿಯನ್ನು ಮೂರು ಕಡೆ ದಾಟಿರುತ್ತದೆ. ಆಮೇಲೆ ಎಲ್ಲರೂ ಮ್ಯುಟೇಶನ್ ದರವನ್ನು (ಉತ್ತರಗಳನ್ನು ಆಕಸ್ಮಿಕವಾಗಿ ಎಷ್ಟು ಬದಲಿಸಬೇಕು ಅನ್ನೋದು) ಹೆಚ್ಚು ಕಡಿಮೆ ಮಾಡುತ್ತಾ ಕೂರುತ್ತಾರೆ. ತೊಂದರೆ ಅಲ್ಲಿರೋದೇ ಇಲ್ಲ. ಕೆಲಸದ ಕ್ರಮ ತಪ್ಪಿರುತ್ತದೆ.

ಮೊದಲು ನಕ್ಷೆ, ಆಮೇಲೆ ಬೆಲೆ, ಕೊನೆಗೆ ಅಲ್ಗಾರಿದಮ್. ಅಲ್ಗಾರಿದಮ್‌ಗೂ ಎಲ್ಲ ತೀರ್ಮಾನ ಒಪ್ಪಿಸಬಾರದು. ಬೇರೆ ದಾರಿಯಿಂದ ಲೆಕ್ಕ ಹಾಕಲು ಆಗದ್ದನ್ನು ಮಾತ್ರ ಅದಕ್ಕೆ ಬಿಡಬೇಕು.

ಉದಾಹರಣೆಗೆ ಬೆಂಗಳೂರಿನ ಮಲ್ಲೇಶ್ವರದ ಒಂದು ಭಾಗ ಇಟ್ಟುಕೊಳ್ಳೋಣ. 600 ಮನೆಗಳು, ಬೀದಿಗಳಿಗೆಲ್ಲ ಫೈಬರ್ ಹೊರಡುವ, ಜಾಗ ಮೊದಲೇ ಗೊತ್ತಿರುವ ಒಂದು ಕ್ಯಾಬಿನೆಟ್, ಮನೆಗಳಿಗೆ ಫೈಬರ್ ಹಂಚುವ ಪೆಟ್ಟಿಗೆ ಇಡಬಹುದಾದ 200 ಜಾಗಗಳು. ಕ್ಯಾಬಿನೆಟ್‌ನಲ್ಲಿ 1:4 ಸ್ಪ್ಲಿಟರ್ (ಒಂದು ಎಳೆಯ ಬೆಳಕನ್ನು ನಾಲ್ಕಕ್ಕೆ ಹಂಚುವುದು), ಬೀದಿಯ ಪ್ರತಿ ಪೆಟ್ಟಿಗೆಯಲ್ಲಿ 1:8 ಸ್ಪ್ಲಿಟರ್. ಅಂದರೆ ಕಂಪನಿಯ ಕಡೆ ಇರುವ ಯಂತ್ರದ (ಓಎಲ್‌ಟಿ) ಒಂದು ಜಿಪಾನ್ ಪೋರ್ಟಿಗೆ 32 ಮನೆ. ಒಂದೇ ಎಳೆಯನ್ನು ಹೀಗೆ ಹಲವು ಮನೆಗೆ ಹಂಚುವ ಫೈಬರ್ ಪದ್ಧತಿಯೇ ಜಿಪಾನ್. ಮನೆ, ಜಾಗಗಳ ಸಂಖ್ಯೆ ಲೆಕ್ಕಕ್ಕೆ ಅಂತ ಹಿಡಿದದ್ದು.

ಬೇಕಾಗುವ ಸಾಮಾನು

ಒಂದು ಸಾಧಾರಣ ಲ್ಯಾಪ್‌ಟಾಪ್. ನಕ್ಷೆಗೆ ಕ್ಯೂಜಿಐಎಸ್, ರಸ್ತೆಗಳಿಗೆ ಓಪನ್‌ಸ್ಟ್ರೀಟ್‌ಮ್ಯಾಪ್. ಪೈಥಾನ್‌ನಲ್ಲಿ ರಸ್ತೆ ಇಳಿಸಿಕೊಳ್ಳಲು ಓಎಸ್‌ಎಂಎನ್‌ಎಕ್ಸ್, ದಾರಿ ಲೆಕ್ಕಕ್ಕೆ ನೆಟ್‌ವರ್ಕ್‌ಎಕ್ಸ್, ಅಲ್ಗಾರಿದಮ್‌ಗೆ ಪೈಮೂ. ಇವೆಲ್ಲ ಉಚಿತ. ಇವುಗಳ ಜೊತೆಗೆ ನಿಮ್ಮ ಗುತ್ತಿಗೆದಾರರ ದರಪಟ್ಟಿ ಮತ್ತು ಆ ಬೀದಿಗಳಲ್ಲಿ ಕೇಬಲ್ ಎಳೆದ ಅನುಭವ ಇರುವ ಒಬ್ಬರು ಬೇಕು. ಕೊನೆಯ ಎರಡು ಇಲ್ಲದಿದ್ದರೆ ಸದ್ಯಕ್ಕೆ ಶುರು ಮಾಡಬೇಡಿ.

ಹಂತ 1: ರಸ್ತೆ ನಕ್ಷೆಯನ್ನು ಕೇಬಲ್ ನಕ್ಷೆ ಮಾಡಿ

ಹೆಚ್ಚಿನವರು ಎಡವೋದು ಇಲ್ಲೇ. ಓಎಸ್‌ಎಂಎನ್‌ಎಕ್ಸ್‌ನಲ್ಲಿ ‘ಡ್ರೈವ್’ ಮಾದರಿ ಆರಿಸಿದರೆ ಕಾರು ಓಡಾಡುವ ರಸ್ತೆಗಳು ಮಾತ್ರ ಬರುತ್ತವೆ. ಮಲ್ಲೇಶ್ವರದಲ್ಲಿ ಮನೆಗಳ ಹಿಂಭಾಗದಲ್ಲಿ ಹಾದುಹೋಗುವ ಕನ್ಸರ್ವೆನ್ಸಿ ಓಣಿಗಳಿವೆ, ಅಲ್ವಾ? ಕೇಬಲ್‌ಗೆ ಅವು ಒಳ್ಳೆಯ ದಾರಿ. ಆದರೆ ಈ ಮಾದರಿಯಲ್ಲಿ ಅಂಥ ಓಣಿಗಳು ಬಿಟ್ಟುಹೋಗುತ್ತವೆ. ಎಲ್ಲ ದಾರಿಗಳನ್ನೂ ಇಳಿಸಿಕೊಂಡು, ಬೇಡದ್ದನ್ನು ಕೈಯಿಂದ ತೆಗೆಯೋದು ವಾಸಿ. ನಕ್ಷೆಯಲ್ಲೇ ಇಲ್ಲದ ಓಣಿಗಳನ್ನು ಕ್ಯೂಜಿಐಎಸ್‌ನಲ್ಲಿ ಎಳೆದು ಸೇರಿಸಿ.

ಎರಡನೆಯದು ಒನ್‌ವೇ. ಇಳಿಸಿಕೊಂಡ ರಸ್ತೆಗಳ ಜಾಲಕ್ಕೆ ಗ್ರಾಫ್ ಅನ್ನುತ್ತಾರೆ. ವಾಹನಗಳ ಗ್ರಾಫ್‌ಗೆ ದಿಕ್ಕು ಇರುತ್ತದೆ, ಕೇಬಲ್‌ಗೆ ಒನ್‌ವೇ ಇಲ್ಲ. ದಿಕ್ಕು ತೆಗೆಯದೆ ದೂರ ಲೆಕ್ಕ ಹಾಕಿದರೆ ಪಕ್ಕದ ಮನೆಗೂ ಕೇಬಲ್ ಒಂದು ಸುತ್ತು ಹಾಕಿಕೊಂಡು ಬರುತ್ತದೆ. ಗ್ರಾಫನ್ನು ದಿಕ್ಕಿಲ್ಲದ ಗ್ರಾಫ್ ಆಗಿ ಬದಲಿಸುವ ಒಂದೇ ಸಾಲು ಇದು. ಮರೆತವರು ಮಾತ್ರ ಬಹಳ ಮಂದಿ.

ಮೂರನೆಯದು ಅಳತೆ. ಅಕ್ಷಾಂಶ ರೇಖಾಂಶದಲ್ಲೇ ದೂರ ಲೆಕ್ಕ ಹಾಕಿದರೆ ಉತ್ತರ ಡಿಗ್ರಿಯಲ್ಲಿ ಬರುತ್ತದೆ. ಅಕ್ಷಾಂಶದ ಒಂದು ಡಿಗ್ರಿ ಅಂದರೆ ಸುಮಾರು 111 ಕಿ.ಮೀ. ಮೊದಲೇ ಎಲ್ಲವನ್ನೂ ಮೀಟರ್ ಲೆಕ್ಕಕ್ಕೆ ತನ್ನಿ. ಬೆಂಗಳೂರಿಗೆ ಯುಟಿಎಂ ಅನ್ನುವ ಮೀಟರ್ ಅಳತೆಯ ನಕ್ಷಾ ಪದ್ಧತಿಯ 43 ಉತ್ತರ ವಲಯ, ತಂತ್ರಾಂಶದಲ್ಲಿ ಅದರ ಸಂಕೇತ ಇಪಿಎಸ್‌ಜಿ 32643.

ನಾಲ್ಕನೆಯದನ್ನು ಹೆಚ್ಚಿನ ಬರಹಗಳು ಹೇಳೋದೇ ಇಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ರಸ್ತೆ ಅಂದರೆ ನಡುವೆ ಹಾದ ಒಂದು ಗೆರೆ ಅಷ್ಟೇ. ಆ ಗೆರೆಗೆ ಎಡಬದಿಯ ಮನೆಯೂ ಒಂದೇ, ಬಲಬದಿಯ ಮನೆಯೂ ಒಂದೇ. ನಿಜದಲ್ಲಿ ಕೇಬಲ್ ಒಂದು ಫುಟ್‌ಪಾತ್‌ನಲ್ಲಿ ಹೋಗುತ್ತದೆ, ಎದುರು ಬದಿಗೆ ಹೋಗಬೇಕೆಂದರೆ ಡಾಂಬರು ಕತ್ತರಿಸಬೇಕು. ಆದ್ದರಿಂದ ಅಗಲ ರಸ್ತೆಗಳನ್ನು ಎರಡು ಸಮಾನಾಂತರ ಗೆರೆ ಮಾಡಿ. ದಾಟಲು ಅನುಮತಿ ಸಿಗುವ ಕಡೆ ಮಾತ್ರ ಅಡ್ಡಗೆರೆ ಎಳೆಯಿರಿ. ಸಣ್ಣ ಕ್ರಾಸ್‌ಗಳಿಗೆ ಒಂದು ಗೆರೆ ಸಾಕು.

ಕೊನೆಗೆ ಗ್ರಾಫ್ ತುಂಡಾಗಿಲ್ಲವೇ ನೋಡಿ. ಕ್ಯಾಬಿನೆಟ್‌ನಿಂದ ಪ್ರತಿ ಜಾಗಕ್ಕೂ ದಾರಿ ಇರಬೇಕು. ಇಲ್ಲದಿದ್ದರೆ ಎಲ್ಲೋ ಎರಡು ಗೆರೆಗಳ ತುದಿ ಕೂಡಿಲ್ಲ ಅಂತ ಅರ್ಥ.

ಹಂತ 2: ಪ್ರತಿ ತುಂಡಿಗೂ ಬೆಲೆ ಕಟ್ಟಿ

ಮೀಟರ್‌ಗೆ ಇಂತಿಷ್ಟು ಅಂತ ಒಂದೇ ದರ ಹಾಕಿದರೆ ಅಲ್ಗಾರಿದಮ್ ಬರೀ ದೂರ ಉಳಿಸುತ್ತದೆ. ಊರೊಳಗೆ ಹಣ ಹೋಗೋದು ದೂರಕ್ಕಲ್ಲ, ಅಗೆತಕ್ಕೆ. ಮಣ್ಣಿನ ಅಂಚು, ಟೈಲ್ಸ್ ಹಾಕಿದ ಫುಟ್‌ಪಾತ್, ಡಾಂಬರು, ಕಾಂಕ್ರೀಟ್ ರಸ್ತೆ, ಈಗಾಗಲೇ ಇರುವ ಡಕ್ಟ್ (ಕೇಬಲ್ ಎಳೆಯುವ ಕೊಳವೆ), ಕಂಬ: ಇಷ್ಟಕ್ಕಾದರೂ ಬೇರೆ ಬೇರೆ ದರ ಬೇಕು. ದರಪಟ್ಟಿ ಕೈಗೆ ಬರೋವರೆಗೆ ಮಣ್ಣಿನ ಅಂಚನ್ನು 1 ಅಂತ ಹಿಡಿದು, ಡಾಂಬರನ್ನು 2.5, ಕಾಂಕ್ರೀಟನ್ನು 4, ಖಾಲಿ ಡಕ್ಟನ್ನು 0.2 ಅಂತ ಹಾಕಿ ಪ್ರಯೋಗ ಮಾಡಿ. ಇವು ಬರೀ ಪ್ರಯೋಗದ ಅಂಕಿ, ಟೆಂಡರಿಗೆ ಹಾಕೋವಲ್ಲ.

ರಸ್ತೆ ಮತ್ತೆ ಸರಿಮಾಡಿಕೊಡುವ ಶುಲ್ಕವನ್ನೂ ಈ ದರದೊಳಗೇ ಸೇರಿಸಿ. ರೈಲು ಹಳಿ, ರಾಜಕಾಲುವೆ, ಮೆಟ್ರೋ ಹಾದ ಜಾಗ ದಾಟಲು ಮೀಟರ್ ದರ ಸಾಲದು. ಅಲ್ಲಿ ದಾಟುವಿಕೆಗೆ ಇಷ್ಟು ಅಂತ ಒಂದು ದೊಡ್ಡ ನಿಗದಿ ಮೊತ್ತ ಹಾಕಬೇಕು. ಮಲ್ಲೇಶ್ವರ ಮತ್ತು ರಾಜಾಜಿನಗರದ ನಡುವೆ ರೈಲು ಮಾರ್ಗವಿದೆ. ನಿಮ್ಮ ಜಾಲ ಆ ಕಡೆಗೂ ಹೋಗೋದಾದರೆ ಎಲ್ಲ ದಾಟುವಿಕೆಗಳನ್ನೂ ಅಳಿಸಿ, ಅನುಮತಿ ಸಿಗಬಹುದಾದ ಒಂದೆರಡನ್ನು ಮಾತ್ರ ಉಳಿಸಿ. ಅನುಮತಿಯ ವಿಚಾರಕ್ಕೆ ಈಗ 2024ರ ದೂರಸಂಪರ್ಕ ರೈಟ್ ಆಫ್ ವೇ (ಕೇಬಲ್ ಹಾಕಲು ದಾರಿಯ ಹಕ್ಕು) ನಿಯಮಗಳಿವೆ. 2025ರ ಜನವರಿ 1ರಿಂದ ಜಾರಿಯಲ್ಲಿವೆ. ಹಳೆಯ 2016ರ ನಿಯಮ ನೋಡಿ ಲೆಕ್ಕ ಹಾಕಬೇಡಿ.

ಕೇಬಲ್ ಬೆಲೆ ಮೆಟ್ಟಿಲಿನ ಥರ ಏರುತ್ತದೆ. ಅಂಗಡಿಯಲ್ಲಿ ಸಿಗೋದು 12, 24, 48, 96, 144 ಎಳೆಯ ಕೇಬಲ್‌ಗಳು. 25 ಎಳೆ ಬೇಕಾದರೆ 48ರದ್ದೇ ತರಬೇಕು. ನಮ್ಮ ಉದಾಹರಣೆಯಲ್ಲಿ ಪ್ರತಿ ಪೆಟ್ಟಿಗೆಯ ಎಂಟೂ ಪೋರ್ಟ್ ತುಂಬಿದರೆ 75 ಪೆಟ್ಟಿಗೆ, ಪೆಟ್ಟಿಗೆಗೆ ಒಂದರಂತೆ 75 ಎಳೆ. 96ರ ಕೇಬಲ್ ಧಾರಾಳವಾಗಿ ಸಾಕು. ಮುಂದಕ್ಕೆ ಇರಲಿ ಅಂತ ಎಂಟರಲ್ಲಿ ಆರನ್ನೇ ತುಂಬಿದರೆ 100 ಪೆಟ್ಟಿಗೆ. ಎಲ್ಲ ಎಳೆಗಳೂ ಒಂದೇ ದಿಕ್ಕಿಗೆ ಹೊರಟರೆ ಈಗ 144ರ ಕೇಬಲ್ ಬೇಕು. ಈ ಜಿಗಿತ ನಿಮ್ಮ ಲೆಕ್ಕದಲ್ಲಿ ಕಾಣಲೇಬೇಕು. ಸರಾಸರಿ ದರ ಹಾಕಿದರೆ ಕಾಣೋದಿಲ್ಲ.

ಹಂತ 3: ಬೆಳಕಿನ ಲೆಕ್ಕ ಮೊದಲೇ ಮುಗಿಸಿ

ಜಿಪಾನ್‌ನ ಬಿ ಪ್ಲಸ್ ದರ್ಜೆಯಲ್ಲಿ ಓಎಲ್‌ಟಿಯಿಂದ ಮನೆಯೊಳಗಿನ ಮೋಡೆಮ್ ತನಕ ಗರಿಷ್ಠ 28 ಡಿಬಿ (ಡೆಸಿಬಲ್) ಬೆಳಕಿನ ನಷ್ಟ ತಡೆದುಕೊಳ್ಳಬಹುದು. 1:4 ಸ್ಪ್ಲಿಟರ್‌ಗೆ ಸುಮಾರು 7.2, 1:8ಕ್ಕೆ ಸುಮಾರು 10.5, ಎರಡೂ ಸೇರಿ 17.7. 5 ಕಿ.ಮೀ. ಫೈಬರ್‌ಗೆ ಕಿ.ಮೀ.ಗೆ 0.35ರಂತೆ 1.75. ಎಳೆ ಬೆಸೆದ ಆರು ಸ್ಪ್ಲೈಸ್‌ಗೆ 0.6, ನಾಲ್ಕು ಕನೆಕ್ಟರ್‌ಗೆ 2. ಹಳತಾಗೋದಕ್ಕೆ, ರಿಪೇರಿಗೆ ಅಂತ 3 ಮೀಸಲು. ಒಟ್ಟು 25.05. ಸರಿಯಾಗಿದೆ.

ಅದೇ ಜಾಲದಲ್ಲಿ ಖರ್ಚು ಉಳಿಸೋಣ ಅಂತ 1:8 ಮೇಲೆ 1:8 ಹಾಕಿ 64 ಮನೆ ಮಾಡಿದರೆ ಸ್ಪ್ಲಿಟರ್ ನಷ್ಟವೇ 21. ಒಟ್ಟು 28.35. ಮಿತಿ ದಾಟಿತು. ಇದು ಅಲ್ಗಾರಿದಮ್ ಹುಡುಕಿ ಹೇಳಬೇಕಾದ ಸಂಗತಿಯಲ್ಲ. ಕಾಗದದ ಮೇಲೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಆಗದ ಆಯ್ಕೆಗಳನ್ನು ಇಲ್ಲೇ ಬಿಡಿ.

ಸಣ್ಣ ಮಾತು: ಫೈಬರ್ ನಷ್ಟವನ್ನು 1310 ನ್ಯಾನೊಮೀಟರ್‌ಗೆ ಲೆಕ್ಕ ಹಾಕಿ. ಮನೆಯಿಂದ ವಾಪಸು ಬರುವ ಬೆಳಕು ಅದು. ಕೆಳಗೆ ಬರುವ 1490ಕ್ಕಿಂತ ಅದಕ್ಕೇ ನಷ್ಟ ಜಾಸ್ತಿ.

ಹಂತ 4: ಅಲ್ಗಾರಿದಮ್ ಏನನ್ನು ಆರಿಸಬೇಕು ಅಂತ ತೀರ್ಮಾನಿಸಿ

ಕವಲೊಡೆದು ಹೋಗುವ ಇಡೀ ಕೇಬಲ್ ಮರವನ್ನೇ ಕ್ರೋಮೋಸೋಮ್ (ಅಲ್ಗಾರಿದಮ್ ಬೆರೆಸಿ ಬದಲಿಸುವ ಅಂಕಿಗಳ ಸಾಲು) ಮಾಡೋದು ಬಹಳ ಜನ ಮಾಡುವ ತಪ್ಪು. ಪ್ರೂಫರ್ ಸಂಕೇತ ಬಳಸಿ ಮರವನ್ನು ಅಂಕಿಗಳ ಸಾಲಾಗಿ ಬರೆಯೋದು ನೋಡಲು ಚೆಂದ. ಆದರೆ ಅದರಲ್ಲಿ ಒಂದು ಅಂಕಿ ಬದಲಾದರೆ ಮರದ ಎಷ್ಟೋ ಕೊಂಬೆಗಳು ಬೇರೆ ಕಡೆ ಹೋಗಿ ಕೂರುತ್ತವೆ. ಒಳ್ಳೆಯ ತಂದೆ ತಾಯಿಗೆ ಒಳ್ಳೆಯ ಮಗು ಹುಟ್ಟಬೇಕಲ್ಲ, ಅದು ಆಗೋದಿಲ್ಲ. ಹುಡುಕಾಟ ಹೆಚ್ಚು ಕಡಿಮೆ ಲಾಟರಿಯಾಗುತ್ತದೆ.

ನಮ್ಮದು ಸರಳ ಸಂಕೇತ: 200 ಜಾಗಕ್ಕೆ 200 ಬಿಟ್. 1 ಅಂದರೆ ಇಲ್ಲಿ ಪೆಟ್ಟಿಗೆ ಇದೆ, 0 ಅಂದರೆ ಇಲ್ಲ. ಇದೊಂದೇ ಅಲ್ಗಾರಿದಮ್‌ನ ಕೆಲಸ. ಅಷ್ಟಕ್ಕೇ 1ರ ಮುಂದೆ 60 ಸೊನ್ನೆ ಹಾಕಿದಷ್ಟು ಸಾಧ್ಯತೆಗಳಿವೆ, ಸಾಕಲ್ವಾ? ಯಾವ ಮನೆ ಯಾವ ಪೆಟ್ಟಿಗೆಗೆ, ಕೇಬಲ್ ಯಾವ ಬೀದಿಯಲ್ಲಿ, ಎಷ್ಟು ಎಳೆಯದ್ದು ಅನ್ನೋದನ್ನೆಲ್ಲ ನೇರ ಲೆಕ್ಕದಿಂದ ತೆಗೆಯಬಹುದು.

ಹಂತ 5: ಬಿಟ್‌ಗಳಿಂದ ವೆಚ್ಚದವರೆಗೆ

ಇಡೀ ಕೆಲಸದ ಜೀವ ಇರೋದು ಬಿಟ್‌ಗಳಿಂದ ವೆಚ್ಚ ಲೆಕ್ಕ ಹಾಕುವ ಈ ಫಂಕ್ಷನ್‌ನಲ್ಲಿ. ಕ್ರಮ ಬದಲಿಸಬೇಡಿ.

ಮೊದಲು ಮನೆಗಳನ್ನು ಹಂಚಿ. ಪ್ರತಿ ಮನೆಗೂ 100 ಮೀಟರ್ ಒಳಗೆ ಇರುವ ಪೆಟ್ಟಿಗೆಗಳನ್ನು ಪಟ್ಟಿ ಮಾಡಿ. ದೂರ ಅಂದರೆ ಬೀದಿಯಲ್ಲಿ ನಡೆದ ದೂರ, ಹಕ್ಕಿ ಹಾರಿದ ದೂರವಲ್ಲ. ಒಂದೇ ಆಯ್ಕೆ ಇರುವ ಮನೆಗೆ ಮೊದಲು ಜಾಗ ಕೊಡಿ, ನಾಲ್ಕಾರು ಆಯ್ಕೆ ಇರುವವರು ಕಾಯಲಿ. ಈ ಕ್ರಮ ಇಲ್ಲದಿದ್ದರೆ ಮೂಲೆಯ ಮನೆಗಳು ಪ್ರತಿ ಸಲವೂ ಹೊರಗುಳಿಯುತ್ತವೆ.

ಆಮೇಲೆ ದುರಸ್ತಿ. ಜಾಗ ಸಿಗದ ಮನೆ ಉಳಿದರೆ ಅದಕ್ಕೆ ಹತ್ತಿರದ ಮುಚ್ಚಿದ ಜಾಗವನ್ನು ತೆರೆಯಿರಿ. ಒಂದೂ ಮನೆ ಸಿಗದ ಪೆಟ್ಟಿಗೆಯನ್ನು ಮುಚ್ಚಿ. ಬದಲಾದ ಬಿಟ್‌ಗಳನ್ನು ಕ್ರೋಮೋಸೋಮ್‌ಗೇ ವಾಪಸು ಬರೆಯಿರಿ. ದುರಸ್ತಿ ಬದಲು ಸುಮ್ನೆ ವೆಚ್ಚಕ್ಕೆ ದಂಡ ಸೇರಿಸುವವರಿದ್ದಾರೆ. ದಂಡ ಸಣ್ಣದಾದರೆ ಅಲ್ಗಾರಿದಮ್, ದಂಡ ಕಟ್ಟಿದರಾಯಿತು ಅಂತ ನೋ ಪಾರ್ಕಿಂಗ್‌ನಲ್ಲೇ ಗಾಡಿ ನಿಲ್ಲಿಸುವವರ ಹಾಗೆ, ಹತ್ತು ಮನೆ ಕೈಬಿಟ್ಟು ದಂಡ ತೆರುತ್ತದೆ. ದೊಡ್ಡದಾದರೆ ಶುರುವಿನಲ್ಲೇ ಎಲ್ಲ ಉತ್ತರಗಳೂ ಒಂದೇ ಥರ ಕೆಟ್ಟದಾಗಿ ಕಂಡು ಹುಡುಕಾಟ ನಿಲ್ಲುತ್ತದೆ.

ಮೂರನೆಯದು ಅಗೆತದ ಮರ. ಕ್ಯಾಬಿನೆಟ್‌ನಿಂದ ಹೊರಡಿ. ಈಗಿರುವ ಮರಕ್ಕೆ ಅತಿ ಕಡಿಮೆ ವೆಚ್ಚದಲ್ಲಿ ಸೇರುವ ಪೆಟ್ಟಿಗೆಯನ್ನು ಆರಿಸಿ, ಆ ದಾರಿಯನ್ನು ಮರಕ್ಕೆ ಸೇರಿಸಿ. ಮತ್ತೆ ಮುಂದಿನದು. ಈಗಾಗಲೇ ಅಗೆದ ದಾರಿಗೆ ಎರಡನೇ ಸಲ ಅಗೆತದ ಹಣ ಹಾಕಬಾರದು. ಪ್ರತಿ ಪೆಟ್ಟಿಗೆಗೂ ಬೇರೆ ಬೇರೆಯಾಗಿ ಅತಿ ಅಗ್ಗದ ದಾರಿ, ಅಂದರೆ ಡೈಕ್‌ಸ್ಟ್ರಾ ದಾರಿ ತೆಗೆದು ಕೂಡಿಸಿದರೆ ಒಂದೇ ಟ್ರೆಂಚಿಗೆ ಹತ್ತು ಸಲ ಬಿಲ್ ಆಗುತ್ತದೆ. ಆಗ ಅಲ್ಗಾರಿದಮ್‌ಗೆ ಟ್ರೆಂಚ್ ಹಂಚಿಕೊಳ್ಳುವ ಲಾಭವೇ ಕಾಣೋದಿಲ್ಲ, ಪೆಟ್ಟಿಗೆಗಳು ಚದುರಿಹೋಗುತ್ತವೆ. ಈ ವಿಧಾನ ಅತ್ಯುತ್ತಮ ಮರವನ್ನೇ ಕೊಡುತ್ತದೆ ಅಂತಿಲ್ಲ. ಆದರೆ ಅದರ ವೆಚ್ಚ ಅತ್ಯುತ್ತಮದ ಎರಡು ಪಟ್ಟನ್ನು ಎಂದೂ ಮೀರೋದಿಲ್ಲ, ಊರಿನ ರಸ್ತೆಗಳಲ್ಲಿ ಸಾಮಾನ್ಯವಾಗಿ ಬಹಳ ಹತ್ತಿರವೇ ಇರುತ್ತದೆ.

ನಾಲ್ಕನೆಯದು ಎಳೆಗಳ ಎಣಿಕೆ. ಕೊಂಬೆಯ ತುದಿಯಿಂದ ಕ್ಯಾಬಿನೆಟ್ ಕಡೆಗೆ ಬರುತ್ತಾ ಪ್ರತಿ ತುಂಡಿನಲ್ಲಿ ಎಷ್ಟು ಎಳೆ ಹಾದುಹೋಗುತ್ತದೆ ಎಣಿಸಿ. ಮೀಸಲು ಸೇರಿಸಿ, ಸಿಗುವ ಕೇಬಲ್ ಅಳತೆಗೆ ಮೇಲಕ್ಕೆ ಏರಿಸಿ. ಅಗೆತಕ್ಕೆ ಒಂದು ಸಲ ಹಣ, ಎಳೆಗಳಿಗೆ ಎಣಿಸಿದಷ್ಟು ಹಣ. ಇವೆರಡರ ಎಳೆದಾಟವೇ ಈ ಸಮಸ್ಯೆಯ ತಿರುಳು.

ಕೊನೆಗೆ ಕೂಡಿಸಿ: ಅಗೆತ, ಕೇಬಲ್, ಪೆಟ್ಟಿಗೆ, ಸ್ಪ್ಲೈಸಿಂಗ್, ಪೆಟ್ಟಿಗೆಯಿಂದ ಮನೆಗೆ ಹೋಗುವ ಡ್ರಾಪ್ ಕೇಬಲ್. ಜೊತೆಗೆ ಓಎಲ್‌ಟಿ ಪೋರ್ಟ್‌ಗಳು. ನಾಲ್ಕು ಪೆಟ್ಟಿಗೆಗೆ ಒಂದು ಪೋರ್ಟ್, ಆದ್ದರಿಂದ 75 ಪೆಟ್ಟಿಗೆಗೆ 19, 100ಕ್ಕೆ 25. ಇದನ್ನು ಬಿಟ್ಟರೆ ಪೆಟ್ಟಿಗೆ ಅಗ್ಗ ಅಂತ ಅಲ್ಗಾರಿದಮ್ ತಿಳಿಯುತ್ತದೆ.

ಜಾಗದಿಂದ ಜಾಗಕ್ಕೆ ದೂರಗಳನ್ನು ಒಮ್ಮೆ ಮಾತ್ರ ಲೆಕ್ಕ ಹಾಕಿ ಕೋಷ್ಟಕ ಮಾಡಿಟ್ಟುಕೊಳ್ಳಿ. ಈ ಫಂಕ್ಷನ್ ಸಾವಿರಾರು ಸಲ ಓಡುತ್ತದೆ.

ಹಂತ 6: ಈಗ ಅಲ್ಗಾರಿದಮ್

ಪೀಳಿಗೆಗೆ 100 ಉತ್ತರ, 300 ಪೀಳಿಗೆ. ಒಟ್ಟು 30,000 ಸಲ ಲೆಕ್ಕ. ಒಂದಕ್ಕೆ 40 ಮಿಲಿಸೆಕೆಂಡ್ ಹಿಡಿದರೆ 20 ನಿಮಿಷ. ಆಯ್ಕೆಗೆ ಮೂವರ ಟೂರ್ನಮೆಂಟ್ (ಮೂರು ಉತ್ತರ ಎತ್ತಿಕೊಂಡು ಅಗ್ಗದ್ದನ್ನು ಆರಿಸೋದು) ಸಾಕು. ಅತ್ಯುತ್ತಮ ಎರಡನ್ನು ಹಾಗೇ ಮುಂದಿನ ಪೀಳಿಗೆಗೆ ದಾಟಿಸಿ.

ಕ್ರಾಸ್‌ಓವರ್‌ಗೆ (ಎರಡು ಉತ್ತರ ಬೆರೆಸೋದು) ಮಾತ್ರ ಲೈಬ್ರರಿಯಲ್ಲಿ ಬಂದದ್ದನ್ನು ಹಾಗೇ ಬಳಸಬೇಡಿ. ಪಟ್ಟಿಯಲ್ಲಿ 57ನೇ ಜಾಗ ಸ್ಯಾಂಕಿ ಕೆರೆಯ ಹತ್ತಿರ, 58ನೆಯದು ಸಂಪಿಗೆ ರಸ್ತೆಯ ಇನ್ನೊಂದು ತುದಿಯಲ್ಲಿ ಇರಬಹುದು. ಪಟ್ಟಿಯನ್ನು ಎಲ್ಲೋ ಕತ್ತರಿಸಿ ಜೋಡಿಸಿದರೆ ಬೀದಿಯ ಅರ್ಧ ಅಪ್ಪನಿಂದ, ಅರ್ಧ ಅಮ್ಮನಿಂದ ಬಂದು ಎರಡೂ ಕೆಡುತ್ತವೆ. ಅದರ ಬದಲು ನಕ್ಷೆಯನ್ನೇ ಕತ್ತರಿಸಿ. ಯಾವುದೋ ಒಂದು ಮನೆಯ ಮೇಲೆ ಯಾವುದೋ ಕೋನದಲ್ಲಿ ಗೆರೆ ಎಳೆಯಿರಿ. ಗೆರೆಯ ಈ ಕಡೆಯ ಬಿಟ್‌ಗಳು ಒಬ್ಬರಿಂದ, ಆ ಕಡೆಯವು ಇನ್ನೊಬ್ಬರಿಂದ. ಚೆನ್ನಾಗಿ ಕೂತ ಬೀದಿಗಳು ಚೆನ್ನಾಗಿಯೇ ಉಳಿಯುತ್ತವೆ. ನನ್ನ ಲೆಕ್ಕದಲ್ಲಿ ಈ ಒಂದು ಬದಲಾವಣೆ ಬೇರೆಲ್ಲ ದರಗಳನ್ನು ತಿರುಗಿಸೋದಕ್ಕಿಂತ ದೊಡ್ಡದು.

ಮ್ಯುಟೇಶನ್ ಎರಡು ಬಗೆ ಇಡಿ. ಒಂದು, ಬಿಟ್ ತಿರುಗಿಸೋದು, ಸಂಭವ 200ರಲ್ಲಿ 1. ಇನ್ನೊಂದು, ಪೆಟ್ಟಿಗೆಯನ್ನು ಪಕ್ಕದ ಖಾಲಿ ಜಾಗಕ್ಕೆ ಸರಿಸೋದು. ಎರಡನೆಯದೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಮೊದಲ ಪೀಳಿಗೆಯಲ್ಲಿ ನಿಮ್ಮ ಇಂಜಿನಿಯರ್ ಕೈಯಲ್ಲಿ ಬರೆದ ನಕ್ಷೆಯನ್ನೂ ಒಂದಾಗಿ ಸೇರಿಸಿ. ಅಂಥ ನಾಲ್ಕೈದಕ್ಕಿಂತ ಜಾಸ್ತಿ ಬೇಡ, ಇಲ್ಲದಿದ್ದರೆ ಎಲ್ಲ ಅದರ ನಕಲೇ ಆಗುತ್ತವೆ.

ಹಂತ 7: ನಂಬುವ ಮುಂಚೆ ಪರೀಕ್ಷಿಸಿ

ಎರಡು ಕ್ರಾಸ್‌ನಷ್ಟು ಸಣ್ಣ ತುಂಡು ತೆಗೆದುಕೊಳ್ಳಿ. 12 ಜಾಗ ಸಾಕು. ಆಗ ಇರುವ ಸಾಧ್ಯತೆಗಳು 4,096 ಮಾತ್ರ. ಎಲ್ಲವನ್ನೂ ಓಡಿಸಿ ನೋಡಿ, ಮೂರು ನಿಮಿಷವೂ ಬೇಡ. ಅಲ್ಗಾರಿದಮ್ ಅದರಲ್ಲಿ ಅತ್ಯುತ್ತಮವಾದದ್ದನ್ನೇ ಹುಡುಕಬೇಕು. ಹುಡುಕದಿದ್ದರೆ ದೊಡ್ಡ ನಕ್ಷೆಗೆ ಹೋಗಬೇಡಿ.

ಇದರಲ್ಲಿ ಒಂದು ತೂತಿದೆ. ಎರಡೂ ಕಡೆ ಅದೇ ವೆಚ್ಚದ ಫಂಕ್ಷನ್ ಬಳಸಿದ್ದೀರಿ, ಹಾಗಾಗಿ ಫಂಕ್ಷನ್ನೇ ತಪ್ಪಿದ್ದರೆ ಗೊತ್ತಾಗೋದಿಲ್ಲ. ಅದಕ್ಕೆ ಒಂದು ಉತ್ತರವನ್ನು ಪೂರ್ತಿಯಾಗಿ ಕಾಗದದ ಮೇಲೆ ಲೆಕ್ಕ ಹಾಕಿ, ರೂಪಾಯಿಗೆ ರೂಪಾಯಿ ಹೊಂದುತ್ತದೆಯೇ ನೋಡಿ. ಬೇಜಾರಿನ ಕೆಲಸ, ಆದರೆ ಬಿಡುವ ಹಾಗಿಲ್ಲ.

ದೊಡ್ಡ ನಕ್ಷೆಯನ್ನು ಬೇರೆ ಬೇರೆ ಆರಂಭದ ಅಂಕಿಯಿಂದ, ಅಂದರೆ ಬೇರೆ ಬೇರೆ ಸೀಡ್‌ನಿಂದ 30 ಸಲ ಓಡಿಸಿ. 20 ನಿಮಿಷದಂತೆ 10 ಗಂಟೆ, ರಾತ್ರಿ ಬಿಟ್ಟು ಮಲಗಿದರೆ ಬೆಳಗ್ಗೆ ಮುಗಿದಿರುತ್ತದೆ. ಒಂದೇ ಓಟದ ಉತ್ತರ ತೋರಿಸಿ ಸಹಿ ಹಾಕಿಸಿಕೊಳ್ಳಬೇಡಿ.

ಎಚ್ಚರಿಕೆಯ ಲಕ್ಷಣಗಳು

30 ಓಟಗಳ ವೆಚ್ಚ ಹತ್ತಿರ ಹತ್ತಿರ ಇದ್ದು, ಪೆಟ್ಟಿಗೆಗಳ ಜಾಗ ಅಲ್ಲಲ್ಲಿ ಬೇರೆ ಇದ್ದರೆ ಚಿಂತೆಯಿಲ್ಲ. ಹಾಗೆ ಒಂದೇ ಬೆಲೆಯ ಎಷ್ಟೋ ಉತ್ತರಗಳಿರುತ್ತವೆ. ವೆಚ್ಚವೇ ಶೇ 10ರಷ್ಟು ಏರಿಳಿದರೆ ಹುಡುಕಾಟ ಮುಗಿದಿಲ್ಲ ಅಂತ ಅರ್ಥ.

ಮೊದಲ ಹತ್ತು ಪೀಳಿಗೆಯಲ್ಲೇ ವೆಚ್ಚ ಜಾರಿ ಬಿದ್ದು ಮತ್ತೆ ಅಲುಗಾಡದಿದ್ದರೆ ಎಲ್ಲ ಉತ್ತರಗಳೂ ಒಂದೇ ಆಗಿಬಿಟ್ಟಿವೆ. ಪೀಳಿಗೆಯಲ್ಲಿ ಬೇರೆ ಬೇರೆ ಕ್ರೋಮೋಸೋಮ್ ಎಷ್ಟಿವೆ ಎಣಿಸಿ ನೋಡಿ. 100ರಲ್ಲಿ ಹತ್ತೂ ಇಲ್ಲದಿದ್ದರೆ ನಕಲುಗಳನ್ನು ತೆಗೆದು ಹೊಸ ಉತ್ತರ ತುಂಬಿ.

ಮನೆಮನೆಯ ಮುಂದೂ ಪೆಟ್ಟಿಗೆ ಬಂದಿದ್ದರೆ ಪೆಟ್ಟಿಗೆಯ ಬೆಲೆ ಮರೆತಿದ್ದೀರಿ. ಕೇಬಲ್ ರಾಜಕಾಲುವೆಯ ಅಂಚನ್ನೇ ಹಿಡಿದು ಹೋಗುತ್ತಿದ್ದರೆ ಅಲ್ಲಿನ ಬೆಲೆ ಹಾಕಿಲ್ಲ. ಉತ್ತರ ನಂಬಲಾಗದಷ್ಟು ಅಗ್ಗವಾಗಿದ್ದರೆ ನಂಬಬೇಡಿ, ಯಾವುದೋ ತುಂಡಿನ ದರ ಖಾಲಿ ಇದ್ದು ಸೊನ್ನೆ ಅಂತ ಓದಿಕೊಂಡಿರುತ್ತದೆ.

ಡಾಂಬರಿನ ದರವನ್ನು ಶೇ 10 ಏರಿಸಿ ಮತ್ತೆ ಓಡಿಸಿ. ಇಡೀ ಜಾಲ ತಲೆಕೆಳಗಾದರೆ ಆ ದರ ಸರಿಯಾಗಿ ತಿಳಿಯೋವರೆಗೆ ಟೆಂಡರ್ ಕರೆಯೋದು ಬೇಡ.

ಹಂತ 8: ನಕ್ಷೆ ಹಿಡಿದು ನಡೆಯಿರಿ

ಅಲ್ಗಾರಿದಮ್ ಆರಿಸಿದ ಪ್ರತಿ ಬೀದಿಯಲ್ಲೂ ನಡೆಯಬೇಕು. ಪೆಟ್ಟಿಗೆಯ ಜಾಗದಲ್ಲಿ ಟ್ರಾನ್ಸ್‌ಫಾರ್ಮರ್ ಇರಬಹುದು, ಫುಟ್‌ಪಾತ್ ತುಂಬ ಹಳೆ ಮರದ ಬೇರಿರಬಹುದು. ಎಂಟನೇ ಕ್ರಾಸ್‌ನ ಫುಟ್‌ಪಾತ್‌ನಲ್ಲಿ ಹಗಲು ಹೊತ್ತು ಕಾಲಿಡಲೇ ಜಾಗವಿಲ್ಲ, ಹಬ್ಬದ ಸಮಯದಲ್ಲಂತೂ ಅಗೆಯೋ ಮಾತೇ ಇಲ್ಲ. ಇಂಥದ್ದನ್ನು ಬರೆದುಕೊಂಡು ಬಂದು ಆ ತುಂಡಿನ ಬೆಲೆ ಏರಿಸಿ, ಇಲ್ಲವೇ ಅಳಿಸಿ, ಮತ್ತೆ ಓಡಿಸಿ. ನಕ್ಷೆಯ ಗೆರೆಯನ್ನು ಕೈಯಿಂದ ಆಚೀಚೆ ಮಾಡಬೇಡಿ. ಹಾಗೆ ಮಾಡಿದರೆ ಎಳೆಗಳ ಎಣಿಕೆ, ಬೆಳಕಿನ ಲೆಕ್ಕ ಎರಡೂ ಹಳೆಯ ಜಾಲದ್ದೇ ಆಗಿ ಉಳಿಯುತ್ತವೆ.

ಅಗೆಯುವ ಮುಂಚೆ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್‌ನಲ್ಲಿ ತಿಳಿಸಿ. 2023ರ ಮಾರ್ಚ್‌ನಿಂದ ಇದೆ. ನೆಲದೊಳಗೆ ಕೇಬಲ್, ಪೈಪ್ ಇರುವವರಿಗೆ ಸುದ್ದಿ ಹೋಗುತ್ತದೆ. ಅನುಮಾನ ಇದ್ದ ಕಡೆ ಸಣ್ಣ ಗುಂಡಿ ತೋಡಿ ನೋಡಿ. ನೀರಿನ ಪೈಪ್ ನಕ್ಷೆಯಲ್ಲಿ ಒಂದು ಕಡೆ, ನೆಲದಲ್ಲಿ ಇನ್ನೊಂದು ಕಡೆ ಇರೋದು ಹೊಸದೇನಲ್ಲ.

ಓಎಲ್‌ಟಿಯಿಂದ ಕ್ಯಾಬಿನೆಟ್‌ಗೆ ಬರುವ ಫೀಡರ್‌ಗೆ ಎರಡನೇ ದಾರಿ ಬೇಕೆಂದರೆ ಮೊದಲ ದಾರಿಯ ತುಂಡುಗಳನ್ನು ಗ್ರಾಫಿನಿಂದ ತೆಗೆದು ಹುಡುಕಿ. ಒಂದೇ ಡಕ್ಟ್‌ನಲ್ಲಿ ಎರಡು ಕೇಬಲ್ ಹಾಕಿ ಬ್ಯಾಕಪ್ ಇದೆ ಅನ್ನೋದು ಮೋಸ. ಜೆಸಿಬಿ ಎರಡನ್ನೂ ಒಟ್ಟಿಗೇ ಕತ್ತರಿಸುತ್ತದೆ. ವೆಚ್ಚ ಮತ್ತು ಬ್ಯಾಕಪ್ ಎರಡನ್ನೂ ಒಟ್ಟಿಗೆ ತೂಗಬೇಕಾದರೆ ಪೈಮೂನಲ್ಲೇ ಎನ್‌ಎಸ್‌ಜಿಎ-2 ಇದೆ. ಐಐಟಿ ಕಾನ್ಪುರದಲ್ಲಿದ್ದಾಗ ಕಲ್ಯಾಣ್‌ಮೊಯ್ ದೇಬ್ ಮತ್ತು ಜೊತೆಗಾರರು ರೂಪಿಸಿದ್ದು. ಒಂದು ಉತ್ತರದ ಬದಲು, ಇಷ್ಟು ಖರ್ಚಿಗೆ ಇಷ್ಟು ಭದ್ರತೆ ಅನ್ನುವ ಪಟ್ಟಿ ಕೊಡುತ್ತದೆ. ಮೊದಲ ಸಲಕ್ಕೆ ಬೇಡ, ಒಂದೇ ಗುರಿಯ ಜಾಲ ಸರಿ ಬಂದ ಮೇಲೆ ಸಾಕು.

ಹಂತ 9: ಮುಂದಿನ ಬಡಾವಣೆಗೆ

ಕೇಬಲ್ ಹೂತ ಮೇಲೆ ನಿಜವಾಗಿ ಎಲ್ಲಿ ಹೋಯಿತು ಅನ್ನೋದನ್ನು ಅದೇ ಗ್ರಾಫ್‌ನಲ್ಲಿ ತಿದ್ದಿ. ಮುಂದಿನ ಹಂತದ ಲೆಕ್ಕದಲ್ಲಿ ಆ ತುಂಡುಗಳ ಅಗೆತದ ಬೆಲೆ ಸೊನ್ನೆ, ಆದರೆ ಡಕ್ಟ್‌ನಲ್ಲಿ ಉಳಿದ ಜಾಗಕ್ಕೆ ಮತ್ತು ಕೇಬಲ್‌ನಲ್ಲಿ ಉಳಿದ ಎಳೆಗಳಿಗೆ ಮಿತಿ ಇದೆ. ಆ ಎರಡು ಕಾಲಂ ಖಾಲಿ ಬಿಟ್ಟರೆ ಅಲ್ಗಾರಿದಮ್ ಮುಂದಿನ ಬಡಾವಣೆಯ ಎಲ್ಲ ಮನೆಗಳನ್ನೂ ತುಂಬಿಹೋದ ಹಳೆಯ ಡಕ್ಟ್‌ಗೇ ತುರುಕುತ್ತದೆ.